ಮೂಲೆ ತಿರುಗಿದೊಡನೆ ಗಾಳಿ ಏಕೆ ಜೋರಾಗುತ್ತದೆ? ಬೀದಿಯ ಗಾಳಿಯನ್ನು ನೀವೇ ಪರೀಕ್ಷಿಸುವ ಕ್ರಮ

"ಪಕ್ಕದಲ್ಲಿ ಎತ್ತರದ ಕಟ್ಟಡ ಎದ್ದ ಮೇಲೆ ನಮ್ಮ ಬೀದಿಯಲ್ಲಿ ಗಾಳಿ ಮಿತಿಮೀರಿದೆ. ಇದು ನಿಜವೇ, ನಮ್ಮ ಭ್ರಮೆಯೇ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಯಿದು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪ್ರಶ್ನೆಯೂ ಅಷ್ಟೇ ಸಲ ಬರುತ್ತದೆ: "ಸುತ್ತಲೂ ಕಟ್ಟಡಗಳು ತುಂಬಿಕೊಂಡ ಮೇಲೆ ಓಣಿಯಲ್ಲಿ ಎಲೆಯೂ ಅಲುಗುತ್ತಿಲ್ಲ, ಏಕೆ?"

ಎರಡೂ ಭ್ರಮೆಯಲ್ಲ. ಕಟ್ಟಡ ಗಾಳಿಯನ್ನು ಹುಟ್ಟಿಸುವುದಿಲ್ಲ. ಮೇಲೆ ಬೀಸುತ್ತಿದ್ದುದನ್ನು ಕೆಳಗಿಳಿಸುತ್ತದೆ, ಹರವಾಗಿ ಸಾಗುತ್ತಿದ್ದುದನ್ನು ಒಂದು ಅಂಚಿಗೆ ಒತ್ತುತ್ತದೆ, ತನ್ನ ಬೆನ್ನ ಹಿಂದೆ ಮರೆಯೊಂದನ್ನು ಉಳಿಸುತ್ತದೆ. ಒಂದೇ ಕಟ್ಟಡ ಒಂದು ಮಗ್ಗುಲಲ್ಲಿ ಕೊಡೆ ಮುರಿಯುವಷ್ಟು ಗಾಳಿಯನ್ನೂ ಇನ್ನೊಂದು ಮಗ್ಗುಲಲ್ಲಿ ಉಸಿರುಗಟ್ಟುವ ಸ್ತಬ್ಧತೆಯನ್ನೂ ಒಟ್ಟಿಗೇ ತರಬಲ್ಲದು.

ನಿವಾಸಿಗಳ ಸಂಘದವರು, ವಾಸ್ತುಶಿಲ್ಪದ ವಿದ್ಯಾರ್ಥಿಗಳು, ಬಯಲಿನಲ್ಲಿ ಕುರ್ಚಿ ಮೇಜು ಹಾಕಬೇಕೆಂದಿರುವವರು, ಎಲ್ಲರಿಗೂ ಅನುಕೂಲವಾಗಲೆಂದು ಪರೀಕ್ಷೆಯ ಕ್ರಮವನ್ನು ಹಂತ ಹಂತವಾಗಿ ಕೊಟ್ಟಿದ್ದೇನೆ. ಒಂದು ವಿಷಯವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಗಾಳಿ ಕಾಡುವ ಜಾಗವನ್ನೇ ನೋಡುತ್ತ ನಿಂತರೆ ಕಾರಣ ಸಿಗುವುದಿಲ್ಲ. ಅದು ಸಾಮಾನ್ಯವಾಗಿ ನಿಮ್ಮ ತಲೆಯ ಮೇಲೆ ಹತ್ತಾರು ಮೀಟರ್ ಎತ್ತರದಲ್ಲೋ, ಗಾಳಿ ಬರುವ ದಿಕ್ಕಿನಲ್ಲಿ ನೂರು ಮೀಟರ್ ಆಚೆಯೋ ಇರುತ್ತದೆ. ಮುಂದಿನ ಹಂತಗಳೆಲ್ಲ ಅದನ್ನು ಹುಡುಕುವ ದಾರಿಗಳು.

ಏನೇನು ಬೇಕು

ಬೀದಿಯ ನಕ್ಷೆ (ಉಪಗ್ರಹ ಚಿತ್ರವಾದರೂ ಸಾಕು), ಹತ್ತಿರದ ವಿಮಾನ ನಿಲ್ದಾಣದ ಅಥವಾ ಹವಾಮಾನ ಕೇಂದ್ರದ ಗಾಳಿ ದಾಖಲೆ, ದಿಕ್ಸೂಚಿ, ಗೇಣುದ್ದದ ಹಗುರ ರಿಬ್ಬನ್ ತುಂಡುಗಳು, ಟಿಪ್ಪಣಿ ಪುಸ್ತಕ. ಸಾಧ್ಯವಾದರೆ ಕೈಯಲ್ಲಿ ಹಿಡಿಯುವ ಅನಿಮೋಮೀಟರ್, ಅಂದರೆ ಗಾಳಿಯ ವೇಗ ಅಳೆಯುವ ಉಪಕರಣ. ಒಂದಲ್ಲ, ಎರಡು ಇದ್ದರೆ ಒಳ್ಳೆಯದು. ಏಕೆಂಬುದು ಐದನೆಯ ಹಂತದಲ್ಲಿ ಬರುತ್ತದೆ. ಅದಿಲ್ಲದಿದ್ದರೂ ಮೊದಲ ನಾಲ್ಕು ಹಂತಗಳಿಗೆ ಅಡ್ಡಿಯಿಲ್ಲ. ನನ್ನ ಅಭಿಪ್ರಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರ ಆ ನಾಲ್ಕರಲ್ಲೇ ಸಿಗುತ್ತದೆ.

ಹಂತ 1: ಊರಿನ ಮೇಲೆ ಗಾಳಿ ಎತ್ತಲಿಂದ ಬೀಸುತ್ತದೆ ಎಂದು ತಿಳಿಯಿರಿ

ಹವಾಮಾನ ಕೇಂದ್ರದ ದಾಖಲೆಯನ್ನು ಹೆಚ್ಚಾಗಿ ವಿಂಡ್ ರೋಸ್ ರೂಪದಲ್ಲಿ ಕೊಟ್ಟಿರುತ್ತಾರೆ. ಯಾವ ದಿಕ್ಕಿನಿಂದ ಎಷ್ಟು ಕಾಲ, ಎಷ್ಟು ವೇಗದಲ್ಲಿ ಗಾಳಿ ಬೀಸಿತು ಎಂಬುದನ್ನು ವೃತ್ತದೊಳಗೆ ಉದ್ದ ಗಿಡ್ಡ ದಳಗಳಾಗಿ ತೋರಿಸುವ ಚಿತ್ರವದು. ಇದನ್ನು ನೋಡುವಾಗ ಜನ ಎಡವುವುದು ಮೂರು ಕಡೆ.

ಮೊದಲನೆಯದು, ದಿಕ್ಕಿನ ಹೆಸರು. ಪಶ್ಚಿಮದ ಗಾಳಿ ಎಂದರೆ ಪಶ್ಚಿಮದಿಂದ ಬರುವ ಗಾಳಿ, ಪಶ್ಚಿಮಕ್ಕೆ ಹೋಗುವುದಲ್ಲ. ಇದನ್ನು ತಿರುಗುಮುರುಗು ಮಾಡಿಕೊಂಡರೆ ಮುಂದಿನ ಎಲ್ಲ ಕೆಲಸವೂ ತಿರುಗುಮುರುಗಾಗುತ್ತದೆ.

ಎರಡನೆಯದು, ವರ್ಷದ ಸರಾಸರಿಯನ್ನು ನಂಬುವುದು. ಅತಿ ಹೆಚ್ಚು ದಿನ ಬೀಸುವ ಗಾಳಿಯೇ ಅತಿ ಜೋರಾದ ಗಾಳಿಯಾಗಿರಬೇಕೆಂದಿಲ್ಲ. ದಾಖಲೆಯನ್ನು ಋತುವಾರು ಬಿಡಿಸಿ, ಜೋರು ಗಾಳಿಯ ಗಂಟೆಗಳನ್ನಷ್ಟೇ ಬೇರೆಯಾಗಿ ನೋಡಿ. ತೊಂದರೆ ಕೊಡುವ ಒಂದೆರಡು ದಿಕ್ಕುಗಳು ಆಗ ಎದ್ದು ಕಾಣುತ್ತವೆ.

ಮೂರನೆಯದು, ಎತ್ತರ. ಹವಾಮಾನ ಕೇಂದ್ರಗಳು ಗಾಳಿಯನ್ನು ತೆರೆದ ಬಯಲಿನಲ್ಲಿ 10 ಮೀಟರ್ ಎತ್ತರದಲ್ಲಿ ಅಳೆಯುತ್ತವೆ. ನೀವು ನಡೆಯುವುದು ಕಟ್ಟಡಗಳ ನಡುವೆ, ನಿಮ್ಮ ಮುಖ ಇರುವುದು ಒಂದೂವರೆ ಮೀಟರ್ ಎತ್ತರದಲ್ಲಿ. ನೆಲದ ಒರಟುತನ ಗಾಳಿಯನ್ನು ಕೆಳಗೆ ಹಿಡಿದಿಡುತ್ತದೆ, ಮೇಲೆ ಹೋದಂತೆ ವೇಗ ಏರುತ್ತದೆ. ಎಂಜಿನಿಯರುಗಳು ಬಳಸುವ ಸರಳ ಸೂತ್ರದ ಪ್ರಕಾರ ತೆರೆದ ಬಯಲಿನಲ್ಲಿ 100 ಮೀಟರ್ ಎತ್ತರದ ವೇಗ 10 ಮೀಟರ್ ಎತ್ತರದ್ದಕ್ಕಿಂತ ಸುಮಾರು 1.4 ಪಟ್ಟು. ದಟ್ಟ ನಗರದ ಲೆಕ್ಕ ಹಿಡಿದರೆ ಅದು 2 ಪಟ್ಟಿನ ಆಸುಪಾಸಿಗೆ ಬರುತ್ತದೆ. ಎತ್ತರದ ಕಟ್ಟಡ ತಲೆ ಎತ್ತುವುದು ಈ ವೇಗದ ಪದರದೊಳಗೆ. ಮೂರನೆಯ ಹಂತದಲ್ಲಿ ಬರುವ ಹೆಚ್ಚಿನ ತೊಂದರೆಗಳ ಬೇರು ಇಲ್ಲಿದೆ.

ಹಂತ 2: ಬೀದಿಯ ಎತ್ತರ ಅಗಲಗಳ ಅನುಪಾತ ತೆಗೆಯಿರಿ

ಬೀದಿಯ ಎರಡೂ ಬದಿಯ ಕಟ್ಟಡಗಳ ಸರಾಸರಿ ಎತ್ತರವನ್ನು ಬೀದಿಯ ಅಗಲದಿಂದ ಭಾಗಿಸಿ. ಎತ್ತರ ತಿಳಿಯದಿದ್ದರೆ ವಸತಿ ಕಟ್ಟಡದ ಮಹಡಿಗೆ 3 ಮೀಟರ್, ಕಚೇರಿ ಕಟ್ಟಡದ ಮಹಡಿಗೆ ಮೂರೂವರೆಯಿಂದ 4 ಮೀಟರ್ ಎಂದು ಹಿಡಿಯಬಹುದು. ಅಗಲವೆಂದರೆ ಗೋಡೆಯಿಂದ ಗೋಡೆಗೆ ಇರುವ ದೂರ. ಡಾಂಬರಿನ ಅಗಲವನ್ನು ಬರೆದುಕೊಂಡು ಲೆಕ್ಕ ಕೆಡಿಸಿಕೊಳ್ಳುವವರೇ ಹೆಚ್ಚು.

ಗಾಳಿ ಬೀದಿಗೆ ಅಡ್ಡಲಾಗಿ ಬೀಸಿದಾಗ ಏನಾಗುತ್ತದೆ ಎಂಬುದನ್ನು ನಗರ ಹವಾಮಾನದ ವಿಜ್ಞಾನಿ ತಿಮೋತಿ ಓಕ್ ಅವರು 1988ರಲ್ಲಿ ಮೂರು ಬಗೆಯಾಗಿ ವಿಂಗಡಿಸಿ ತೋರಿಸಿದರು. ಅನುಪಾತ ಸುಮಾರು 0.3ಕ್ಕಿಂತ ಕಡಿಮೆ ಇದ್ದರೆ, ಉದಾಹರಣೆಗೆ 10 ಮೀಟರ್ ಎತ್ತರದ ಕಟ್ಟಡಗಳ ನಡುವೆ 40 ಮೀಟರ್ ಅಗಲದ ರಸ್ತೆಯಿದ್ದರೆ, ಮೊದಲ ಕಟ್ಟಡವನ್ನು ದಾಟಿದ ಗಾಳಿ ನೆಲಕ್ಕಿಳಿದು ಸುಧಾರಿಸಿಕೊಂಡು ಎರಡನೆಯದಕ್ಕೆ ಎದುರಾಗುತ್ತದೆ. 0.3ರಿಂದ 0.65ರವರೆಗೆ ಒಂದು ಕಟ್ಟಡದ ಹಿಂದಿನ ಸುಳಿ ಮುಂದಿನ ಕಟ್ಟಡಕ್ಕೆ ಬಡಿದು ಗಲಿಬಿಲಿಯಾಗುತ್ತದೆ. ಅದಕ್ಕೂ ಮೀರಿದರೆ ಗಾಳಿ ಛಾವಣಿಗಳನ್ನು ಸವರಿಕೊಂಡು ಮೇಲೆ ಮೇಲೆಯೇ ಹೋಗುತ್ತದೆ. ಬೀದಿಯೊಳಗೆ ತನ್ನಷ್ಟಕ್ಕೆ ತಿರುಗುವ ಒಂದು ಮಂದ ಸುಳಿ ಮಾತ್ರ ಉಳಿಯುತ್ತದೆ, ವಾಹನಗಳ ಹೊಗೆಯೂ ಅದರಲ್ಲೇ ಸುತ್ತುತ್ತದೆ.

ಓಣಿಯಲ್ಲಿ ಗಾಳಿಯಿಲ್ಲ ಎಂಬ ದೂರಿಗೆ ಬಹುಪಾಲು ಸಲ ಉತ್ತರ ಈ ಮೂರನೆಯ ಬಗೆ. ಆದರೆ ಒಂದು ಎಚ್ಚರಿಕೆ: ಈ ಅಂಕಿಗಳು ಎರಡೂ ಬದಿ ಹೆಚ್ಚುಕಡಿಮೆ ಒಂದೇ ಎತ್ತರದ ಕಟ್ಟಡಗಳಿರುವ ಉದ್ದನೆಯ ಬೀದಿಗೆ ಹೊಂದುವಂಥವು. ಸಾಲಿನ ನಡುವೆ ಒಂದೇ ಒಂದು ಗೋಪುರ ಕಟ್ಟಡ ಎದ್ದರೂ ಲೆಕ್ಕ ಬದಲಾಗುತ್ತದೆ.

ಗಾಳಿ ಬೀದಿಯ ಉದ್ದಕ್ಕೆ ಬೀಸಿದರೆ ಕಥೆಯೇ ಬೇರೆ. ಎರಡೂ ಬದಿಯ ಗೋಡೆಗಳು ಎಡೆಬಿಡದೆ ಸಾಗಿದ್ದಷ್ಟೂ ಅದು ಚದುರದೆ ದೂರದವರೆಗೆ ಹರಿಯುತ್ತದೆ. ಸೆಕೆಯ ನಗರಗಳಿಗೆ ಇದು ವರವೇ. ಹಾಂಗ್‌ಕಾಂಗ್‌ನ ಯೋಜನಾ ಮಾರ್ಗಸೂಚಿ ಮುಖ್ಯ ರಸ್ತೆಗಳನ್ನು ರೂಢಿಯ ಗಾಳಿಗೆ ಸಮಾನಾಂತರವಾಗಿ, ತಪ್ಪಿದರೆ 30 ಡಿಗ್ರಿಯೊಳಗಿನ ಓರೆಯಲ್ಲಿ ಹಾಕಬೇಕೆನ್ನುವುದು ಇದಕ್ಕಾಗಿಯೇ.

ಹಂತ 3: ಅನುಮಾನದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ

ಇಡೀ ಪರೀಕ್ಷೆಯ ಜೀವಾಳ ಈ ಹಂತ, ಆತುರ ಬೇಡ. ನಕ್ಷೆಯ ಮೇಲೆ ಜೋರು ಗಾಳಿಯ ದಿಕ್ಕಿಗೆ ಬಾಣ ಎಳೆದುಕೊಳ್ಳಿ. ಸುತ್ತಲಿನವುಗಳಿಗಿಂತ ಎರಡು ಪಟ್ಟಾದರೂ ಎತ್ತರವಿರುವ ಕಟ್ಟಡಗಳಿಗೆ ಬಣ್ಣ ಹಚ್ಚಿ. ಆಮೇಲೆ ಒಂದೊಂದಾಗಿ ಇವನ್ನು ಹುಡುಕಿ.

ಗೋಡೆಯಗುಂಟ ಇಳಿಯುವ ಗಾಳಿ. ಅಗಲವಾದ ಎತ್ತರದ ಗೋಡೆಗೆ ಗಾಳಿ ಬಡಿದಾಗ, ಒಟ್ಟು ಎತ್ತರದ ಮೂರನೆಯ ಎರಡು ಭಾಗದಿಂದ ಮುಕ್ಕಾಲು ಭಾಗದ ಮಧ್ಯೆ ಎಲ್ಲೋ ಅದು ನಿಂತು ಒಡೆಯುತ್ತದೆ. ಅದಕ್ಕಿಂತ ಮೇಲಿನದು ಛಾವಣಿ ದಾಟುತ್ತದೆ, ಸ್ವಲ್ಪ ಪಕ್ಕಗಳಿಗೆ ಸರಿಯುತ್ತದೆ, ಉಳಿದದ್ದು ಗೋಡೆ ಹಿಡಿದು ಕೆಳಗಿಳಿಯುತ್ತದೆ. ಹೀಗೆ ಇಳಿದು ಬಂದದ್ದು ಮೇಲಿನ ವೇಗದ ಪದರದ ಗಾಳಿ, ಆದ್ದರಿಂದಲೇ ಕೆಳಗೆ ನಡೆಯುವವರಿಗೆ ಅದು ಅಸಹಜವೆನಿಸುತ್ತದೆ. ಗೋಪುರದ ಮುಂದೆ, ಗಾಳಿ ಬರುವ ಬದಿಯಲ್ಲಿ, ಗಿಡ್ಡ ಕಟ್ಟಡವೊಂದಿದ್ದರೆ ಇನ್ನೂ ಕಷ್ಟ: ಇಳಿದ ಗಾಳಿ ಎರಡರ ನಡುವಿನ ಬೀದಿಯಲ್ಲಿ ಉರುಳುವ ಸುಳಿಯಾಗಿ ನಿಲ್ಲುತ್ತದೆ. ಕಟ್ಟಡ ಎಷ್ಟು ಎತ್ತರ ಎಂದಷ್ಟೇ ಕೇಳಬೇಡಿ, ಗಾಳಿಗೆ ಎದುರಾದ ಮುಖ ಎಷ್ಟು ಅಗಲ ಎಂದೂ ಕೇಳಿ. ತೆಳ್ಳನೆಯ ಗೋಪುರದ ಪಕ್ಕದಿಂದ ಗಾಳಿ ಸುಲಭವಾಗಿ ಜಾರಿಹೋಗುತ್ತದೆ. ಗೋಡೆಯಂತೆ ಹಬ್ಬಿದ ಕಟ್ಟಡ ಅದನ್ನು ಕೆಳಕ್ಕೆ ತಳ್ಳುತ್ತದೆ.

ಮೂಲೆಯ ಗಾಳಿ. ಎದುರಿನ ಮುಖದಲ್ಲಿ ಒತ್ತಡ ಹೆಚ್ಚು, ಪಕ್ಕದ ಮುಖಗಳಲ್ಲಿ ಕಡಿಮೆ. ಕೆಳಗಿಳಿದ ಗಾಳಿಯೂ ನೇರವಾಗಿ ಬಂದದ್ದೂ ಸೇರಿ ಮೂಲೆಯನ್ನು ಬಳಸಿ ನುಗ್ಗುತ್ತವೆ. ಹೆಚ್ಚಿನ ಅಪಘಾತಗಳು ಆಗುವುದು ಇಲ್ಲಿಯೇ, ಏಕೆಂದರೆ ಮರೆಯಲ್ಲಿ ನಡೆದು ಬಂದವರು ಒಂದೇ ಹೆಜ್ಜೆಯಲ್ಲಿ ಜೋರು ಗಾಳಿಗೆ ಬೀಳುತ್ತಾರೆ. ಮೈಗೆ ತಾಗುವ ಒತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದನ್ನು ನೆನಪಿಡಿ: ವೇಗ ಒಂದೂವರೆ ಪಟ್ಟಾದರೆ ಒತ್ತು ಎರಡೂಕಾಲು ಪಟ್ಟಾಗುತ್ತದೆ. 1902ರಲ್ಲಿ ಮುಗಿದ ನ್ಯೂಯಾರ್ಕಿನ ಫ್ಲಾಟ್‌ಐರನ್ ಕಟ್ಟಡದ ಚೂಪು ಮೂಲೆ ಗಾಳಿಗಾಗಿ ಆ ಕಾಲಕ್ಕೇ ಊರಲ್ಲೆಲ್ಲ ಹೆಸರಾಗಿತ್ತು.

ಕಟ್ಟಡದಡಿಯ ಹಾದಿ. ಕಂಬಗಳ ಮೇಲೆ ನಿಂತ ಕಟ್ಟಡ, ಕಟ್ಟಡದ ಹೊಟ್ಟೆಯಲ್ಲಿ ಕೊರೆದ ದಾರಿ, ಇವು ಎದುರಿನ ಹೆಚ್ಚಿನ ಒತ್ತಡವನ್ನೂ ಹಿಂದಿನ ಕಡಿಮೆ ಒತ್ತಡವನ್ನೂ ನೇರವಾಗಿ ಬೆಸೆಯುತ್ತವೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1964ರಲ್ಲಿ ಮುಗಿದ ಗ್ರೀನ್ ಬಿಲ್ಡಿಂಗ್ ಹೀಗೆ ಕಾಲುಗಳ ಮೇಲೆ ನಿಂತಿದೆ. ಗಾಳಿಯ ದಿನಗಳಲ್ಲಿ ಅದರ ಬಾಗಿಲು ತೆಗೆಯುವುದೇ ಕಷ್ಟವಾಗಿ, ಕೊನೆಗೆ ಸುತ್ತುವ ಬಾಗಿಲು ಹಾಕಬೇಕಾಯಿತು. ಇದನ್ನು ಕಟ್ಟಿದವರು ಸಾಮಾನ್ಯರಲ್ಲ, ವಾಸ್ತುಶಿಲ್ಪಿ ಐ. ಎಂ. ಪೇ.

ಅಕ್ಕಪಕ್ಕದ ಕಟ್ಟಡಗಳ ನಡುವಿನ ಸಂದಿ. ಹಿಂದೆ ಮುಂದೆ ಸರಿದು ನಿಂತ ಎರಡು ಕಟ್ಟಡಗಳಿದ್ದರೆ, ಒಂದರ ಮುಂಭಾಗದ ಹೆಚ್ಚಿನ ಒತ್ತಡದಿಂದ ಇನ್ನೊಂದರ ಹಿಂಭಾಗದ ಕಡಿಮೆ ಒತ್ತಡದ ಕಡೆಗೆ ಗಾಳಿ ಅಡ್ಡಹಾಯುತ್ತದೆ. ಊರಿನ ಗಾಳಿಯ ದಿಕ್ಕಿಗೂ ಇದರ ದಿಕ್ಕಿಗೂ ಸಂಬಂಧವೇ ಕಾಣುವುದಿಲ್ಲ, ಹಾಗಾಗಿ ಇದು ಸುಲಭವಾಗಿ ಕಣ್ಣುತಪ್ಪುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಸಂದಿಯ ಗಾಳಿ ಕಂಡೊಡನೆ "ಇದು ವೆಂಚುರಿ ಪರಿಣಾಮ" ಎಂದು ತೀರ್ಪು ಕೊಡುವವರಿದ್ದಾರೆ. ವೆಂಚುರಿ ಎಂದರೆ ಕೊಳವೆ ಕಿರಿದಾದಲ್ಲಿ ಅದರೊಳಗಿನ ಹರಿವು ವೇಗ ಪಡೆಯುವುದು. ಕೊಳವೆಯಲ್ಲಿ ಹರಿಯುವುದಕ್ಕೆ ಬೇರೆ ದಾರಿಯಿಲ್ಲ. ಬೀದಿಗೆ ಮುಚ್ಚಳವಿಲ್ಲ, ಕಿರಿದಾದ ಸಂದಿಯನ್ನು ಕಂಡ ಗಾಳಿಯ ಬಹುಪಾಲು ಮೇಲಿನಿಂದಲೋ ಪಕ್ಕದಿಂದಲೋ ತಪ್ಪಿಸಿಕೊಂಡು ಹೋಗುತ್ತದೆ. ಲಾಳಿಕೆಯಂತೆ ಕಿರಿದಾಗುವ ಕಟ್ಟಡಗಳ ಜೋಡಣೆಯನ್ನು ಪರೀಕ್ಷಿಸಿದ ಸಂಶೋಧಕರು ಗಾಳಿ ಒಳಗೆ ನುಗ್ಗುವುದಕ್ಕಿಂತ ತಡೆದು ನಿಲ್ಲುವುದೇ ಮುಖ್ಯವೆಂದು ಕಂಡಿದ್ದಾರೆ. ಸಂದಿಯಲ್ಲಿ ಜೋರು ಗಾಳಿ ಸಿಕ್ಕರೆ ಮೂಲೆಯ ಹರಿವನ್ನೋ ಒತ್ತಡದ ವ್ಯತ್ಯಾಸವನ್ನೋ ಮೊದಲು ಶಂಕಿಸಿ. ತೀರ್ಪು ತಪ್ಪಿದರೆ ಪರಿಹಾರವೂ ತಪ್ಪುತ್ತದೆ: ಸಂದಿಯನ್ನು ಅಗಲ ಮಾಡಿದ ಮಾತ್ರಕ್ಕೆ ಗಾಳಿ ಇಳಿಯುವುದಿಲ್ಲ.

ಬೆನ್ನ ಹಿಂದಿನ ಮರೆ. ಕಟ್ಟಡದ ಹಿಂಭಾಗದಲ್ಲಿ ಸರಾಸರಿ ವೇಗ ತಗ್ಗಿದರೂ ಸುಳಿಗಳು ಬಿಟ್ಟು ಬಿಟ್ಟು ಬರುತ್ತವೆ. ಉದ್ದ ಸಾಲಾಗಿ ಅಂಟಿಕೊಂಡ ಎತ್ತರದ ಕಟ್ಟಡಗಳಾದರೆ ಈ ಮರೆ ಇಡೀ ಬಡಾವಣೆಯನ್ನೇ ಆವರಿಸಬಹುದು. 2003ರಲ್ಲಿ ಸಾರ್ಸ್ ಸೋಂಕು ಹಬ್ಬಿದ ನಂತರ ಹಾಂಗ್‌ಕಾಂಗ್ ಈ ಕೊರತೆಯನ್ನು ಗಂಭೀರವಾಗಿ ತೆಗೆದುಕೊಂಡಿತು. ದೊಡ್ಡ ಯೋಜನೆಗಳು ನೆಲಮಟ್ಟದ ಗಾಳಿಯನ್ನು ಎಷ್ಟು ತಡೆಯುತ್ತವೆ ಎಂದು ಮೊದಲೇ ಅಂದಾಜು ಮಾಡುವ ಪದ್ಧತಿಯನ್ನು 2006ರಲ್ಲಿ ತಂದಿತು.

ಹಂತ 4: ಗಾಳಿಯ ದಿನ ಹೋಗಿ ಕಣ್ಣಾರೆ ನೋಡಿ

ನಕ್ಷೆಯಲ್ಲಿ ಗುರುತಿಸಿದ ಜಾಗಗಳಲ್ಲಿ ಕಂಬಗಳಿಗೆ, ಕಟಕಟೆಗಳಿಗೆ ರಿಬ್ಬನ್ ಕಟ್ಟಿ. ಎದೆಯ ಎತ್ತರ ಸಾಕು. ಹೋಲಿಕೆಗಾಗಿ ಅನುಮಾನವಿಲ್ಲದ ಒಂದೆರಡು ಜಾಗಗಳಲ್ಲೂ ಕಟ್ಟಿ. ಪ್ರತಿ ಜಾಗದಲ್ಲಿ ಹತ್ತು ನಿಮಿಷ ನಿಂತು ದಿಕ್ಕು, ಜೋರು, ಸ್ಥಿರವೋ ಬಿಟ್ಟು ಬಿಟ್ಟು ಬರುವುದೋ ಎಂಬುದನ್ನು ಬರೆದುಕೊಳ್ಳಿ.

ಜೋರನ್ನು ಅಂದಾಜಿಸಲು ಬೋಫರ್ಟ್ ಮಾಪಕ ಒಳ್ಳೆಯ ನೆರವು. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ಹಡಗುಗಳಿಗೆಂದು ರೂಪಿಸಿದ್ದು. ನೆಲದ ಗುರುತುಗಳನ್ನು ಆಮೇಲೆ ಸೇರಿಸಿದ್ದು.

2: ಮುಖಕ್ಕೆ ಗಾಳಿ ತಾಗುತ್ತದೆ, ಎಲೆಗಳು ಮರ್ಮರಿಸುತ್ತವೆ. ಸೆಕೆಂಡಿಗೆ 1.6 ರಿಂದ 3.3 ಮೀಟರ್.
3: ಎಲೆ, ಸಣ್ಣ ರೆಂಬೆಗಳು ಬಿಡದೆ ಅಲುಗುತ್ತವೆ, ಹಗುರ ಬಾವುಟ ಬಿಚ್ಚಿಕೊಳ್ಳುತ್ತದೆ. 3.4 ರಿಂದ 5.4.
4: ಧೂಳು, ಕಾಗದ ಮೇಲೇಳುತ್ತವೆ. 5.5 ರಿಂದ 7.9.
5: ಎಲೆ ತುಂಬಿದ ಸಣ್ಣ ಮರಗಳು ತೂಗಾಡುತ್ತವೆ. 8 ರಿಂದ 10.7.
6: ಕೊಡೆ ಹಿಡಿಯುವುದು ಕಷ್ಟ. 10.8 ರಿಂದ 13.8.
7: ಗಾಳಿಗೆದುರು ನಡೆಯುವುದು ಕಷ್ಟ, ಇಡೀ ಮರಗಳು ಅಲ್ಲಾಡುತ್ತವೆ. 13.9 ರಿಂದ 17.1.

ಈ ವೇಗಗಳು 10 ಮೀಟರ್ ಎತ್ತರಕ್ಕೆ ಹೇಳಿದವು. ಮುಖದ ಎತ್ತರದಲ್ಲಿ ಅಂಕಿ ಅದಕ್ಕಿಂತ ಕಡಿಮೆ ಇರುತ್ತದೆ.

ಇನ್ನು ಈ ಹಂತದ ದೊಡ್ಡ ಹಳ್ಳ. ರಿಬ್ಬನ್ ತೋರಿಸುವ ದಿಕ್ಕನ್ನೇ ಗಾಳಿ ಬಂದ ದಿಕ್ಕೆಂದು ಬರೆದುಕೊಳ್ಳಬೇಡಿ. ಗೋಪುರದ ಮುಂದಿನ ಸುಳಿಯಲ್ಲಿ, ಇಕ್ಕಟ್ಟಾದ ಬೀದಿಯ ಸುಳಿಯಲ್ಲಿ, ನೆಲದ ಗಾಳಿ ಛಾವಣಿಯ ಮೇಲಿನ ಗಾಳಿಗೆ ವಿರುದ್ಧ ದಿಕ್ಕಿಗೆ ಹರಿಯುತ್ತದೆ. ಪಶ್ಚಿಮದ ಗಾಳಿಯ ದಿನ ಪೂರ್ವದಿಂದ ಮುಖಕ್ಕೆ ಗಾಳಿ ಹೊಡೆದರೆ ಗೊಂದಲಪಡಬೇಡಿ. ನಿಮಗೆ ಸುಳಿಯ ಸುಳಿವು ಸಿಕ್ಕಿತೆಂದೇ ಅರ್ಥ. ಮೋಡಗಳ ಚಲನೆಯ ಬದಲು ಹತ್ತಿರದ ಎತ್ತರದ ಛಾವಣಿಯ ಬಾವುಟವನ್ನೋ ಹೊಗೆಯನ್ನೋ ನೋಡಿ ಮೇಲಿನ ದಿಕ್ಕನ್ನು ಪ್ರತ್ಯೇಕವಾಗಿ ಬರೆದಿಡಿ.

ಮರದ ಕೊಂಬೆ, ಸಡಿಲ ಫಲಕಗಳ ಕೆಳಗೆ ನಿಲ್ಲಬೇಡಿ. ಬಿರುಗಾಳಿಯ ಎಚ್ಚರಿಕೆಯಿರುವ ದಿನ ಈ ಕೆಲಸವೇ ಬೇಡ.

ಹಂತ 5: ಅಳೆಯುವುದಾದರೆ ಅನುಪಾತವನ್ನು ಅಳೆಯಿರಿ

"ನಮ್ಮ ಮೂಲೆಯಲ್ಲಿ ಸೆಕೆಂಡಿಗೆ 9 ಮೀಟರ್ ಬಂತು" ಎಂಬ ಅಂಕಿಯೊಂದರಿಂದ ಏನೂ ಗೊತ್ತಾಗುವುದಿಲ್ಲ. ಅಂದು ಊರಿಗೆಲ್ಲ ಜೋರು ಗಾಳಿಯಿತ್ತೇ, ಅಥವಾ ಆ ಮೂಲೆಯಲ್ಲಿ ಮಾತ್ರವೇ? ಅದಕ್ಕೇ ಎರಡು ಉಪಕರಣ ಬೇಕೆಂದದ್ದು. ಒಂದನ್ನು ಸುತ್ತ ಅಡೆತಡೆಯಿಲ್ಲದ ಹತ್ತಿರದ ತೆರೆದ ಜಾಗದಲ್ಲಿ, ಇನ್ನೊಂದನ್ನು ಅನುಮಾನದ ಜಾಗದಲ್ಲಿ ಹಿಡಿದು ಒಂದೇ ಸಮಯಕ್ಕೆ ಅಳೆಯಿರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವುದು ವೇಗಾನುಪಾತ. ಅದು 1ನ್ನು ಮೀರಿದರೆ ಆ ಜಾಗ ಬಯಲಿಗಿಂತಲೂ ಗಾಳಿಗೆ ಒಡ್ಡಿಕೊಂಡಿದೆ ಎಂದರ್ಥ. ಊರೊಳಗೆ ಇದು ತಾನಾಗಿ ಆಗುವುದಲ್ಲ, ಕಟ್ಟಡವೊಂದು ಮಾಡಿಸಿದ್ದು.

ಪ್ರತಿ ಸಲ ಹತ್ತು ನಿಮಿಷದ ಸರಾಸರಿ ತೆಗೆಯಿರಿ, ಆ ಹೊತ್ತಿನ ಅತಿ ಜೋರಾದ ಬೀಸನ್ನೂ ಬೇರೆಯಾಗಿ ಬರೆಯಿರಿ. ಉಪಕರಣವನ್ನು ಒಂದೂವರೆ ಮೀಟರ್ ಎತ್ತರದಲ್ಲಿ, ಮೈಯಿಂದ ದೂರ ಚಾಚಿ ಹಿಡಿಯಿರಿ. ನಿಮ್ಮ ದೇಹವೂ ಗಾಳಿಗೆ ಒಂದು ಗೋಡೆಯೇ. ರೆಕ್ಕೆ ತಿರುಗುವ ಮಾದರಿಯಾದರೆ ಅದರ ಮುಖ ಗಾಳಿಗೆ ಎದುರಾಗಿರಬೇಕು, ಓರೆಯಾದರೆ ಕಡಿಮೆ ತೋರಿಸುತ್ತದೆ. ಸುಳಿಗಳಿರುವಲ್ಲಿ ಬಟ್ಟಲು ತಿರುಗುವ ಮಾದರಿ ವಾಸಿ. ಮೊಬೈಲಿನ ಮೈಕಿಗೆ ತಾಗುವ ಸದ್ದಿನಿಂದ ವೇಗ ಹೇಳುವ ಆ್ಯಪ್‌ಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಂದು ದಿಕ್ಕಿನ ಗಾಳಿಗೆ ಸಿಕ್ಕ ಅನುಪಾತ ಇನ್ನೊಂದು ದಿಕ್ಕಿಗೆ ಸಲ್ಲುವುದಿಲ್ಲ. ಗಾಳಿ ತಿರುಗಿದರೆ ಮೊನ್ನೆಯ ಮರೆ ಇಂದಿನ ಮೂಲೆಯಾಗಬಹುದು. ಹಂತ 1ರಲ್ಲಿ ಗುರುತಿಸಿದ ಪ್ರತಿ ಮುಖ್ಯ ದಿಕ್ಕಿಗೂ ಅಳತೆ ಬೇಕು.

ಹಂತ 6: ಆ ಜಾಗದಲ್ಲಿ ಜನ ಏನು ಮಾಡುತ್ತಾರೆ ಎಂದು ನೋಡಿ ತೂಗಿರಿ

ಬೆಂಚಿನ ಮೇಲೆ ಕೂತವರಿಗೆ ಕಿರಿಕಿರಿಯಾಗುವ ಗಾಳಿ ದಾರಿಹೋಕರಿಗೆ ಗಮನಕ್ಕೂ ಬರುವುದಿಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಟಾಮ್ ಲಾಸನ್ ಅವರ ಹೆಸರಿನಲ್ಲಿ ಬಳಕೆಯಲ್ಲಿರುವ ಮಾನದಂಡ ಈ ವ್ಯತ್ಯಾಸದ ಮೇಲೆಯೇ ನಿಂತಿದೆ. ಅದರ ಹೆಚ್ಚು ಬಳಕೆಯ ರೂಪದಲ್ಲಿ ಮಿತಿಗಳು ಹೀಗಿವೆ: ಕುಳಿತುಕೊಳ್ಳಲು ಸೆಕೆಂಡಿಗೆ 4 ಮೀಟರ್, ನಿಲ್ಲಲು 6, ಅಡ್ಡಾಡಲು 8, ಕೆಲಸದ ಮೇಲೆ ಬಿರಬಿರನೆ ನಡೆದುಹೋಗಲು 10. ಈ ವೇಗವನ್ನು ಮೀರುವ ಹೊತ್ತು ಒಟ್ಟು ಕಾಲದ 5 ಶೇಕಡಾ ದಾಟಬಾರದು. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 438 ಗಂಟೆ. ಲಂಡನ್ನಿನ ಸಿಟಿ ಆಡಳಿತ 2019ರ ಮಾರ್ಗಸೂಚಿಯಲ್ಲಿ ಇದನ್ನು ಇನ್ನೂ ಬಿಗಿಗೊಳಿಸಿ, ಹೆಚ್ಚು ಹೊತ್ತು ಕೂರುವ ಜಾಗಕ್ಕೆ ಎರಡೂವರೆ ಮೀಟರ್ ಮಿತಿ ಹಾಕಿತು.

ನೆದರ್ಲ್ಯಾಂಡ್ಸ್‌ನ 2006ರ ಮಾನಕ ಬೇರೆ ದಾರಿ ಹಿಡಿಯುತ್ತದೆ. ಗಂಟೆಯ ಸರಾಸರಿ ಸೆಕೆಂಡಿಗೆ 5 ಮೀಟರ್ ಎಂಬ ಒಂದೇ ಗೆರೆ, ಅದನ್ನು ಮೀರುವ ಕಾಲದ ಪ್ರಮಾಣಕ್ಕೆ ತಕ್ಕಂತೆ ಐದು ದರ್ಜೆ: ಎರಡೂವರೆ ಶೇಕಡಾಕ್ಕಿಂತ ಕಡಿಮೆಯಿದ್ದರೆ ಮೇಲಿನ ದರ್ಜೆ, 20 ದಾಟಿದರೆ ಕೊನೆಯದು. ಸಾಮಾನ್ಯ ಓದುಗರಿಗೆ ಈ ಪದ್ಧತಿಯೇ ಸುಲಭವೆಂದು ನನಗನ್ನಿಸುತ್ತದೆ, ನೆನಪಿಡಬೇಕಾದ ವೇಗ ಒಂದೇ.

ಸುರಕ್ಷತೆಯ ಮಾತೇ ಬೇರೆ. ಎರಡೂ ಪದ್ಧತಿಗಳು ಅಲ್ಲಿ ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿಲೋಮೀಟರ್ ವೇಗವನ್ನು ಗೆರೆಯಾಗಿ ಇಟ್ಟುಕೊಂಡಿವೆ. ವೃದ್ಧರು, ಸೈಕಲ್ ಸವಾರರು ಇದರಲ್ಲಿ ಬೀಳುವ ಅಪಾಯವಿದೆ. ಲಾಸನ್ ಪದ್ಧತಿಯಲ್ಲಿ ವರ್ಷಕ್ಕೆ ಎರಡು ಗಂಟೆಯಷ್ಟು ಮೀರಿದರೂ ಅದು ಗಮನಿಸಲೇಬೇಕಾದ ಸಂಗತಿ. ಇಂಗ್ಲೆಂಡಿನ ಲೀಡ್ಸ್ ನಗರದ 32 ಮಹಡಿಗಳ ಬ್ರಿಜ್‌ವಾಟರ್ ಪ್ಲೇಸ್ ಕಟ್ಟಡದ ಬಳಿ 2011ರಲ್ಲಿ ಗಾಳಿಗೆ ಲಾರಿಯೊಂದು ಉರುಳಿ ಪಾದಚಾರಿಯೊಬ್ಬರು ಸತ್ತರು. ರಸ್ತೆಯ ಮೇಲೆ ಎತ್ತರದಲ್ಲಿ ಗಾಳಿ ತಡೆಯುವ ದೊಡ್ಡ ರಚನೆಗಳನ್ನು ಅಲ್ಲಿ ಅಳವಡಿಸಿದ್ದು ಆಮೇಲೆ ಹಲವು ವರ್ಷ ಕಳೆದು. ನಿಮ್ಮ ಬೀದಿಯಲ್ಲಿ ಜನ ಬಿದ್ದದ್ದು, ಬಾಗಿಲು ಬಡಿದು ಪೆಟ್ಟಾದದ್ದು ಇದ್ದರೆ ಸರಾಸರಿಗಳನ್ನು ಲೆಕ್ಕ ಹಾಕುತ್ತ ಕೂರಬೇಡಿ, ನೇರವಾಗಿ ಎಂಟನೆಯ ಹಂತಕ್ಕೆ ಹೋಗಿ.

ಹಂತ 7: ಕಾರಣಕ್ಕೆ ತಕ್ಕ ಪರಿಹಾರ ಆರಿಸಿ

"ಮರ ನೆಟ್ಟರೆ ಆಯಿತು" ಎಂಬುದು ಎಲ್ಲರ ಮೊದಲ ಸಲಹೆ. ಬೀದಿಯುದ್ದಕ್ಕೆ ಹರಿಯುವ ಗಾಳಿಗೆ ಅದು ಸರಿ. ಗೋಡೆಯಗುಂಟ ಮೇಲಿನಿಂದ ಬೀಳುವ ಗಾಳಿಗೆ ನಾಲ್ಕು ಸಸಿ ಏನೂ ಮಾಡಲಾರವು, ಅಂಥ ಮೂಲೆಯಲ್ಲಿ ಅವು ಬೇರೂರುವುದೇ ಕಷ್ಟ. ಜೋರು ಗಾಳಿಯ ಕಾಲದಲ್ಲಿಯೇ ಎಲೆ ಉದುರಿಸುವ ಜಾತಿಯನ್ನು ನೆಟ್ಟರಂತೂ ಶ್ರಮ ದಂಡ.

ಮೇಲಿನಿಂದ ಇಳಿಯುವ ಗಾಳಿಯನ್ನು ತಲೆಯ ಮೇಲೆಯೇ ತಡೆಯಬೇಕು. ಹೊಸ ಕಟ್ಟಡವಾದರೆ ಗೋಪುರವನ್ನು ಅಗಲವಾದ ಗಿಡ್ಡ ಪೀಠದ ಮೇಲೆ, ಅಂಚಿನಿಂದ ಒಳಕ್ಕೆ ಸರಿಸಿ ನಿಲ್ಲಿಸುವುದು ಉತ್ತಮ. ಇಳಿದ ಗಾಳಿ ಪೀಠದ ಛಾವಣಿಗೆ ಬಡಿದು ಪಕ್ಕಕ್ಕೆ ಹೋಗುತ್ತದೆ. ಇದನ್ನು ಪೋಡಿಯಂ ಎನ್ನುತ್ತಾರೆ. ಆದರೆ ಆ ಛಾವಣಿಯ ಮೇಲೆಯೇ ಉದ್ಯಾನ, ಆಟದ ಜಾಗ ಮಾಡುವ ಯೋಜನೆಯಿದ್ದರೆ ತೊಂದರೆ ನೆಲದಿಂದ ಮೊದಲ ಮಹಡಿಗೆ ವರ್ಗವಾಯಿತು, ಅಷ್ಟೇ. ಸೆಕೆಯ ಊರುಗಳಲ್ಲಿ ಪೀಠವನ್ನು ನಿವೇಶನದ ತುಂಬ ಹಬ್ಬಿಸಿದರೆ ಬೀದಿಗೆ ಬರಬೇಕಾದ ಗಾಳಿಯೂ ನಿಂತುಹೋಗುತ್ತದೆ. ಕಟ್ಟಿ ಮುಗಿದ ಕಟ್ಟಡಕ್ಕೆ ಬಾಗಿಲುಗಳ ಮೇಲೆ ಅಗಲವಾದ ಸಜ್ಜಾ ಹಾಕಬಹುದು. ಅದು ಬಾಗಿಲನ್ನು ಕಾಯುತ್ತದೆ, ಗಾಳಿಯನ್ನು ಸಜ್ಜಾದ ಅಂಚಿಗೆ ಸರಿಸುತ್ತದೆ. ಆ ಅಂಚಿನ ಕೆಳಗೆ ಬಸ್ ತಂಗುದಾಣವಿಲ್ಲವೆಂದು ನೋಡಿಕೊಳ್ಳಿ.

ಮೂಲೆಯ ಗಾಳಿಗೆ ಮೂಲೆಯನ್ನು ದುಂಡಾಗಿಸುವುದು, ಕತ್ತರಿಸುವುದು, ಮೆಟ್ಟಿಲು ಮೆಟ್ಟಿಲಾಗಿ ಒಳಸರಿಸುವುದು ಕೆಲಸ ಮಾಡುತ್ತವೆ. ಮುಖ್ಯ ಬಾಗಿಲನ್ನು ಮೂಲೆಯಿಂದ ದೂರ, ಒಳಸರಿದ ಜಾಗದಲ್ಲಿ ಇಡುವುದು ಇನ್ನೂ ಅಗ್ಗದ ಉಪಾಯ. ಕಟ್ಟಡದಡಿಯ ಹಾದಿಗೆ ಒಂದು ತುದಿಯಲ್ಲಿ ಬಾಗಿಲು, ಇಲ್ಲವೇ ಅಡ್ಡಡ್ಡ ತಡೆಗಳು ಬೇಕಾಗುತ್ತವೆ.

ತಡೆಗೋಡೆ ಕಟ್ಟುವವರು ಗಟ್ಟಿ ಗೋಡೆಯೇ ಮೇಲೆಂದು ಭಾವಿಸುತ್ತಾರೆ. ಗಟ್ಟಿ ಗೋಡೆಯ ಅಂಚುಗಳಲ್ಲಿ ಗಾಳಿ ಹರಿದು ಹಿಂದೆ ಸುಳಿಯೆಬ್ಬಿಸುತ್ತದೆ. ಮೇಲ್ಮೈಯಲ್ಲಿ 40 ರಿಂದ 50 ಶೇಕಡಾ ತೂತುಗಳಿರುವ ತಡೆ ಗಾಳಿಯನ್ನು ಸೋಸಿ ಬಿಡುತ್ತದೆ, ಅದರ ಹಿಂದಿನ ಮರೆ ಹೆಚ್ಚು ದೂರಕ್ಕೂ ಹೆಚ್ಚು ಶಾಂತವಾಗಿಯೂ ಇರುತ್ತದೆ. ಕುಳಿತವರ ತಲೆಗಿಂತ ಎತ್ತರದ ಜಾಲರಿ, ಒತ್ತಾಗಿ ಬೆಳೆದ ಬೇಲಿ ಈ ಕೆಲಸಕ್ಕೆ ಹೇಳಿಮಾಡಿಸಿದಂಥವು.

ಗಾಳಿಯ ಕೊರತೆಗೆ ಮಾಡುವುದೆಲ್ಲ ಇದರ ವಿರುದ್ಧ: ಉದ್ದದ ಕಟ್ಟಡ ಸಾಲುಗಳನ್ನು ನಡುನಡುವೆ ತುಂಡರಿಸುವುದು, ಮಧ್ಯದ ಒಂದೆರಡು ಮಹಡಿಗಳನ್ನು ಖಾಲಿ ಬಿಡುವುದು, ಕಟ್ಟಡಗಳ ಎತ್ತರದಲ್ಲಿ ಏರಿಳಿತ ಇಟ್ಟು ಗಾಳಿ ಕೆಳಗಿಳಿಯುವಂತೆ ಮಾಡುವುದು. ಕಟ್ಟಿ ಮುಗಿದ ಮೇಲೆ ಇವುಗಳಲ್ಲಿ ಯಾವುದೂ ಸುಲಭವಲ್ಲ, ನಕ್ಷೆಯ ಹಂತದಲ್ಲೇ ಕೇಳಬೇಕು.

ಹಂತ 8: ತಜ್ಞರ ವರದಿ ಬಂದಾಗ ಇವನ್ನು ಕೇಳಿ

ಹೊಸ ಗೋಪುರ ಬರುವುದಿದ್ದರೆ, ಇಲ್ಲವೇ ಜನ ಬೀಳುವಷ್ಟು ಗಾಳಿಯಿದ್ದರೆ, ವಿಂಡ್ ಟನಲ್ ಪರೀಕ್ಷೆ ಅಥವಾ ಕಂಪ್ಯೂಟರ್ ಲೆಕ್ಕಾಚಾರ ಬೇಕು. ವಿಂಡ್ ಟನಲ್ ಎಂದರೆ ಸಾಮಾನ್ಯವಾಗಿ 200ರಲ್ಲಿ ಒಂದರಿಂದ 400ರಲ್ಲಿ ಒಂದರಷ್ಟು ಕುಗ್ಗಿಸಿದ ಮಾದರಿಯನ್ನು ಕೃತಕ ಗಾಳಿಗೊಡ್ಡಿ ಅಳೆಯುವ ಕೊಠಡಿ. ಕಂಪ್ಯೂಟರ್ ವಿಧಾನ ಬಣ್ಣಬಣ್ಣದ ಸೊಗಸಾದ ಚಿತ್ರ ಕೊಡುತ್ತದೆ, ಆ ಚಿತ್ರಕ್ಕೆ ಮರುಳಾಗಬೇಡಿ. ಅದರ ಸರಳ ಬಗೆಗಳು ಜೋರು ಗಾಳಿಯ ಜಾಗಗಳನ್ನು ಚೆನ್ನಾಗಿ ಹಿಡಿಯುತ್ತವೆ, ಕಟ್ಟಡದ ಹಿಂದಿನ ಮಂದ ಸುಳಿಗಳಲ್ಲಿ ಎಡವುತ್ತವೆ. ಲಂಡನ್ ಸಿಟಿಯ ಮಾರ್ಗಸೂಚಿ 50 ಮೀಟರ್ ಮೀರಿದ ಕಟ್ಟಡಗಳಿಗೆ ಎರಡನ್ನೂ ಕೇಳುತ್ತದೆ.

ವರದಿ ಕೈಗೆ ಸಿಕ್ಕಾಗ ತೀರ್ಮಾನದ ಪುಟಕ್ಕೆ ಹಾರುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ. ಎಷ್ಟು ದಿಕ್ಕುಗಳ ಗಾಳಿಯನ್ನು ಪರೀಕ್ಷಿಸಿದ್ದಾರೆ? ನಾಲ್ಕೋ ಎಂಟೋ ಆದರೆ ಸಾಲದು. 16ಕ್ಕೆ ಕಡಿಮೆಯಿರಬಾರದು, 36 ಇದ್ದರೆ ನೆಮ್ಮದಿ. ಸುತ್ತಲಿನ ಕಟ್ಟಡಗಳನ್ನು ಎಷ್ಟು ದೂರದವರೆಗೆ ಮಾದರಿಯಲ್ಲಿ ಸೇರಿಸಿದ್ದಾರೆ? 300 ರಿಂದ 500 ಮೀಟರ್ ವಾಡಿಕೆ. ಯಾವ ಕೇಂದ್ರದ, ಎಷ್ಟು ವರ್ಷಗಳ ಗಾಳಿ ದಾಖಲೆ? ಬೇಸಿಗೆ, ಚಳಿಗಾಲಗಳನ್ನು ಬೇರೆಬೇರೆಯಾಗಿ ತೋರಿಸಿದ್ದಾರೆಯೇ? ಅಳತೆಯ ಬಿಂದುಗಳು ಎಲ್ಲಿವೆ? ಕಟ್ಟಡದ ಅಂಗಳದಲ್ಲಷ್ಟೇ ಇದ್ದು, ರಸ್ತೆಯಾಚೆಯ ಕಾಲುದಾರಿ, ಶಾಲೆಯ ಗೇಟು, ಬಸ್ ತಂಗುದಾಣಗಳು ಬಿಟ್ಟುಹೋಗಿದ್ದರೆ ವರದಿ ಅಪೂರ್ಣ. ಮರಗಳನ್ನು ಪೂರ್ತಿ ಬೆಳೆದ ಗಾತ್ರದಲ್ಲಿ ತೋರಿಸಿ "ತೊಂದರೆಯಿಲ್ಲ" ಎಂದು ಬರೆದಿದ್ದಾರೆಯೇ? ಹಾಗಿದ್ದರೆ ಮರಗಳನ್ನು ತೆಗೆದು ಮಾಡಿದ ಪರೀಕ್ಷೆಯ ಫಲಿತಾಂಶವನ್ನೂ ಕೇಳಿ.

ಕೊನೆಯದಾಗಿ, ಮೂರು ಸ್ಥಿತಿಗಳ ಹೋಲಿಕೆ ಇದೆಯೇ ನೋಡಿ: ಈಗಿನ ಬೀದಿ, ಹೊಸ ಕಟ್ಟಡ ಬಂದ ಮೇಲಿನ ಬೀದಿ, ಅನುಮತಿ ಸಿಕ್ಕಿ ಇನ್ನೂ ಏಳದ ನೆರೆಯ ಕಟ್ಟಡಗಳೂ ಎದ್ದ ಮೇಲಿನ ಬೀದಿ. ಮೂರನೆಯದನ್ನು ಬಿಟ್ಟಿರುವ ವರದಿಗಳೇ ಹೆಚ್ಚು, ಆದ್ದರಿಂದ ಅದನ್ನು ಲಿಖಿತವಾಗಿಯೇ ಕೇಳಿ ಪಡೆಯಿರಿ.